ಕೆಟ್ಟ ದಿನಕ್ಕೂ ಕಾಲ್‌ಶೀಟ್ ಇದೆಯೇ?

ಸಿನಿಮಾ ಪತ್ರಿಕೆಗೆ ಬರೆಯೋರಿಗೆ ಬರುವ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ಧಾಟಿಯವು. 'ಸಾರ್, ಒಂದು ಚಾನ್ಸ್ ಕೊಡಿಸಿ!' ಎತ್ತರ ಐದು ಅಡಿ ಹತ್ತು ಅಂಗುಲ, ಬಣ್ಣ ಗೋಧಿ, ಡ್ಯಾನ್ಸು ಫೈಟು ಎರಡೂ ಬರುತ್ತೆ, ಜೊತೆಗೆ ಕೂಲಿಂಗ್ ಗ್ಲಾಸ್ ಹಾಕಿದ ಮೂರು ಫೋಟೋ. ಹಿಂದೆ ಅಂಚೆಯಲ್ಲಿ ಬರುತ್ತಿದ್ದವು, ಈಗ ವಾಟ್ಸಾಪಿನಲ್ಲೂ ಬರುತ್ತವೆ, ಅಷ್ಟೇ ವ್ಯತ್ಯಾಸ. ಚಾನ್ಸ್ ಕೊಡಿಸೋ ಶಕ್ತಿ ನನಗಿದ್ದಿದ್ರೆ ಮೊದಲನೆಯದನ್ನು ನಾನೇ ಇಟ್ಟುಕೊಳ್ಳುತ್ತಿದ್ದೆ ಬಿಡಿ!

ಆದರೆ ಈಚೆಗೆ ಬಂದ ಒಂದು ಕಾಗದ ಹಾಗಿರಲಿಲ್ಲ. ಹಾಸನ ಜಿಲ್ಲೆಯ ಹುಡುಗ. ಫೋಟೋ ಇಲ್ಲ, ಎತ್ತರ ಇಲ್ಲ. ಎರಡು ವರ್ಷದಿಂದ ಡಿಪ್ರೆಷನ್ನಿಗೆ ಮಾತ್ರೆ ತಗೋತಿದೀನಿ, ಜನ ಜಾಸ್ತಿ ಇದ್ರೆ ಎದೆ ಹೊಡ್ಕೊಳುತ್ತೆ, ಎರಡು ಕಡೆ ಕೆಲಸಕ್ಕೆ ಸೇರಿ ಎರಡೂ ಬಿಟ್ಟೆ, ಸಿನಿಮಾದಲ್ಲಿ ಆಫೀಸು ಗೀಫೀಸು ಇರಲ್ವಲ್ಲ, ಏನಾದ್ರೂ ಹಗುರವಾದ ಕೆಲಸ ಇದ್ರೆ ತಿಳಿಸಿ... ಇಷ್ಟೇ.

ನಗಬೇಡಿ ಓದುಗರೇ. ಸಿನಿಮಾ ಅಂದ್ರೆ ಹಗುರ ಅಂತ ನಂಬಿರೋರು ಅವನೊಬ್ಬನೇ ಅಲ್ಲ. ಆದ್ರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 'ಹಗುರವಾದ' ಅನ್ನೋ ಆ ಒಂದು ಮಾತು. ಖಿನ್ನತೆ, ಆತಂಕ ಇರೋ ಮನುಷ್ಯನಿಗೆ ಯಾವ ಕೆಲಸ ಹಗುರ, ಯಾವುದು ಭಾರ? ನನಗೂ ಇದು ಹೊಸ ಪ್ರಶ್ನೆಯಲ್ಲ. ಪಿಯುಸಿ ಎರಡನೇ ವರ್ಷದಲ್ಲಿ ಕಾಲೇಜಿನ ಗೇಟಿನ ತನಕ ಹೋಗಿ, ಒಳಗೆ ಕಾಲಿಡಲಾಗದೆ, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಸಂಜೆ ತನಕ ಕೂತು ಮನೆಗೆ ಬರುತ್ತಿದ್ದವನು ನಾನು. ಅದಕ್ಕೊಂದು ಹೆಸರಿದೆ ಅಂತ ಆಗ ನಮ್ಮ ಮನೇಲಿ ಯಾರಿಗೂ ಗೊತ್ತಿರಲಿಲ್ಲ. ಆ ಬೆಂಚಿನ ಮೇಲೆ ಕೂತು ಓದಿದ್ದು ಇಂಥ ಪತ್ರಿಕೆಗಳನ್ನೇ. ಹಾಗೆ ನೋಡಿದ್ರೆ ನನ್ನ ಈಗಿನ ಕಸುಬು ಶುರುವಾದದ್ದೇ ಅಲ್ಲಿ!

ಕಾಗದವನ್ನು ಜೇಬಿಗೆ ಹಾಕಿಕೊಂಡು ಒಂದು ವಾರ ಗಾಂಧಿನಗರ ಸುತ್ತಿದೆ. ತಾರೆಯರ ಮನೆಗಲ್ಲ, ತೆರೆಯ ಹಿಂದೆ ದುಡಿಯೋರ ಹತ್ತಿರ.

ಬರೀ ಬೇಜಾರಲ್ಲ!

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಲವ್ ಫೇಲ್ಯೂರ್ ಆಗಿ ನಾಯಕ ಗಡ್ಡ ಬಿಟ್ಟುಕೊಂಡು ಎರಡು ರೀಲು ಹಾಡೋದು ಖಿನ್ನತೆಯಲ್ಲ. ಎರಡು ವಾರ ಮೀರಿ, ದಿನದ ಹೆಚ್ಚು ಹೊತ್ತು, ಮನಸ್ಸು ನೆಲಕಚ್ಚಿರೋದು. ಹಿಂದೆ ಇಷ್ಟವಾಗಿದ್ದು ಯಾವುದೂ ಈಗ ಬೇಡವಾಗೋದು. ನಿದ್ದೆ, ಹಸಿವು ಎರಡೂ ಕೆಡೋದು. ಒಂದು ಸಣ್ಣ ಅರ್ಜಿ ತುಂಬೋಕೂ ತಲೆ ಓಡದೆ ಇರೋದು. 'ನಾನು ಯಾತಕ್ಕೂ ಬಾರದವನು' ಅಂತ ಒಳಗೆ ಯಾರೋ ಹಗಲಿರುಳು ಡೈಲಾಗ್ ಹೊಡೀತಾ ಇರೋದು. ಇದು ಖಿನ್ನತೆ. ಆತಂಕ ಇದರ ಅವಳಿ ಇದ್ದ ಹಾಗೆ, ಎಷ್ಟೋ ಸಲ ಎರಡೂ ಕೈಕೈ ಹಿಡಿದೇ ಬರುತ್ತವೆ. ಎದೆ ಡವಡವ, ಅಂಗೈ ಬೆವರು, ಉಸಿರು ಗಂಟಲಲ್ಲೇ ನಿಂತಂತೆ. ಎದುರಿಗೆ ಹುಲಿ ಇರೋಲ್ಲ, ಮ್ಯಾನೇಜರ್ ಇರ್ತಾನೆ ಅಷ್ಟೆ.

ಎಷ್ಟು ಜನಕ್ಕೆ ಇದೆ ಅಂತ ಕೇಳ್ತೀರಾ? 2015-16ರಲ್ಲಿ ನಮ್ಮ ನಿಮ್ಹಾನ್ಸ್‌ನವರೇ ಮುಂದೆ ನಿಂತು 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿದರು. ದೊಡ್ಡವರಲ್ಲಿ 20 ಜನಕ್ಕೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಕಂಡವರು. ಅಂಥವರಲ್ಲಿ ನೂರಕ್ಕೆ 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಒಂದು ಬಸ್ಸಿನಲ್ಲಿ 50 ಜನ ಇದ್ರೆ ಇಬ್ಬರೋ ಮೂವರೋ ಅಂತ ಲೆಕ್ಕ ಹಾಕಿಕೊಳ್ಳಿ. ಇನ್ನು ಖಿನ್ನತೆ ಆತಂಕ ಎರಡರಿಂದ ಲೋಕದಲ್ಲಿ ವರ್ಷಕ್ಕೆ 1200 ಕೋಟಿ ಕೆಲಸದ ದಿನಗಳು ಮಣ್ಣುಪಾಲಾಗುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಷ್ಟು ದಿನಗಳು ಬಿದ್ದು ಹೋದರೂ 'ಸೋಮಾರಿ' ಅನ್ನೋ ಒಂದೇ ಬಿರುದಿನಲ್ಲಿ ನಾವು ಮುಗಿಸಿಬಿಡ್ತೀವಿ.

ತಾರೆಯ ಕಥೆ, ನಮ್ಮ ಕಥೆ

ಈ ವಿಷಯ ಬಂದಾಗ ಎಲ್ಲರ ಬಾಯಲ್ಲೂ ಬರೋ ಹೆಸರು ದೀಪಿಕಾ ಪಡುಕೋಣೆ. ಬೆಂಗಳೂರಲ್ಲಿ ಬೆಳೆದ ಹುಡುಗಿ, ಬ್ಯಾಡ್ಮಿಂಟನ್ ವೀರ ಪ್ರಕಾಶ್ ಪಡುಕೋಣೆಯವರ ಮಗಳು, ಉಪೇಂದ್ರ ಜೊತೆ 2006ರಲ್ಲಿ 'ಐಶ್ವರ್ಯ' ಮಾಡಿ ನಮ್ಮಲ್ಲೇ ನಾಯಕಿಯಾಗಿ ಮೊದಲ ಹೆಜ್ಜೆ ಇಟ್ಟವರು. 2014ರ ಫೆಬ್ರವರಿಯ ಒಂದು ಬೆಳಗ್ಗೆ ಎದ್ದಾಗ ಹೊಟ್ಟೆಯೊಳಗೆ ಏನೋ ಖಾಲಿ ಖಾಲಿ ಅನ್ನಿಸಿದ್ದನ್ನ, ಕಾರಣವೇ ಇಲ್ಲದೆ ಅಳು ಬಂದದ್ದನ್ನ, ತಾಯಿ ಅದನ್ನು ಗುರುತು ಹಿಡಿದದ್ದನ್ನ 2015ರಲ್ಲಿ ಅವರು ಬಹಿರಂಗವಾಗಿ ಹೇಳಿಕೊಂಡರು. ಅದೇ ವರ್ಷ 'ಲಿವ್ ಲವ್ ಲಾಫ್' ಅನ್ನೋ ಪ್ರತಿಷ್ಠಾನವನ್ನೂ ಕಟ್ಟಿದರು. ಅದು ನಮ್ಮ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲೂ ಕೆಲಸ ಮಾಡಿದೆ. ಆ ಹೆಣ್ಣುಮಗಳ ಧೈರ್ಯಕ್ಕೆ ನನ್ನದೊಂದು ಸಲಾಮು. ಹತ್ತು ಡಾಕ್ಟರು ಹೇಳಿದ್ರೂ ಕೇಳದ ಮಾತನ್ನ ಒಬ್ಬ ತಾರೆ ಹೇಳಿದ್ರೆ ಕೇಳೋ ದೇಶ ನಮ್ಮದು.

ಆದ್ರೆ ಒಂದು ಮಾತು. ತಾರೆಗೆ ಕಾರವಾನ್ ಇದೆ. ಮಧ್ಯಾಹ್ನ ಕಣ್ಣು ಕತ್ತಲಾದರೆ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಕೂರಬಹುದು, ನಿರ್ಮಾಪಕ ಕಾಯ್ತಾನೆ. ಕ್ಲಾಪ್ ಹಿಡಿಯೋ ಹುಡುಗನಿಗೆ ಯಾರು ಕಾಯ್ತಾರೆ? ಅವನು ಹತ್ತು ನಿಮಿಷ ಕಾಣದೇ ಹೋದ್ರೆ ಹನ್ನೊಂದನೇ ನಿಮಿಷಕ್ಕೆ ಬೇರೆ ಹುಡುಗ ಬಂದಿರ್ತಾನೆ. ದೀಪಿಕಾ ಕಥೆಯಿಂದ ನಾವು ಚಿಕಿತ್ಸೆಯ ಪಾಠ ಕಲೀಬಹುದು, ಕೆಲಸ ಹುಡುಕೋ ಪಾಠ ಬೇರೆ ಕಡೆ ಕಲೀಬೇಕು.

ಗಾಂಧಿನಗರದಲ್ಲಿ ಒಂದು ಸುತ್ತು

ಹಾಗಾದ್ರೆ ಸಿನಿಮಾದಲ್ಲಿ ಯಾವ ಕೆಲಸ ಹಗುರ? ಸಹಾಯಕ ನಿರ್ದೇಶಕ ಅಂದ ಕೂಡಲೇ ಎಷ್ಟೋ ಹುಡುಗರ ಕಣ್ಣು ಹೊಳೆಯುತ್ತೆ. ನಿಜ ಹೇಳ್ತೀನಿ, ಆತಂಕ ಇರೋನಿಗೆ ಇದರಷ್ಟು ಕಠಿಣವಾದ ಕುರ್ಚಿ ಇನ್ನೊಂದಿಲ್ಲ. ಕುರ್ಚಿ ಅಂತ ಬಾಯಿಮಾತಿಗೆ ಅಂದೆ, ಅವನಿಗೆ ಕೂರೋಕೆ ಪುರುಸೊತ್ತಿರೋಲ್ಲ! ನಾಯಕಿ ಹಿಂದಿನ ಶಾಟಿನಲ್ಲಿ ಬಳೆ ಯಾವ ಕೈಗೆ ಹಾಕಿದ್ದಳು, ನಾಯಕನ ಅಂಗಿಯ ಎಷ್ಟನೇ ಗುಂಡಿ ಬಿಚ್ಚಿತ್ತು, ಎಲ್ಲಾ ಇವನ ತಲೆಯಲ್ಲಿರಬೇಕು. ಒಂದು ತಪ್ಪಿದರೆ ನೂರು ಜನರ ಎದುರು ಬೈಗುಳ. ಬೆಳಗ್ಗೆ ಎಷ್ಟು ಹೊತ್ತಿಗೆ ಅಂತ ಗೊತ್ತು, ರಾತ್ರಿ ಎಷ್ಟು ಹೊತ್ತಿಗೆ ಅಂತ ಗೊತ್ತಿಲ್ಲ. ಸಂಬಳ? ಅದು 'ಮುಂದಿನ ಶೆಡ್ಯೂಲಿಗೆ ನೋಡೋಣ'. ಖಿನ್ನತೆಯಲ್ಲಿ ಮೊದಲು ಕೈಕೊಡೋದೇ ನೆನಪು ಮತ್ತು ಗಮನ. ಅದೇ ಎರಡನ್ನು ಬಂಡವಾಳ ಮಾಡಿಕೊಂಡ ಕೆಲಸ ಇದು. ಹಾಗಂತ ಯಾರೂ ಮಾಡಿಲ್ಲ ಅಂತಲ್ಲ. ಮಾತ್ರೆ ನುಂಗುತ್ತಲೇ ಮೂರು ಚಿತ್ರ ಮುಗಿಸಿದ ಒಬ್ಬರು ನನಗೆ ಗೊತ್ತು. ಅವರ ಡೈರಿ ನೋಡಿದ್ರೆ ಬೆರಗಾಗ್ತೀರಿ. ತಲೆಯನ್ನು ನಂಬದೆ ಪ್ರತಿ ಶಾಟಿಗೂ ಫೋನಿನಲ್ಲಿ ಫೋಟೋ, ಕೈಯಲ್ಲಿ ಬರೆದ ಟಿಪ್ಪಣಿ. ಅವರ ಕಂಟಿನ್ಯುಟಿಯೇ ಇಡೀ ಯೂನಿಟ್ಟಿನಲ್ಲಿ ಪಕ್ಕಾ ಅಂತ ಹೆಸರು!

ಜೂನಿಯರ್ ಆರ್ಟಿಸ್ಟ್ ಕೆಲಸ ನೋಡೋಕೆ ಸುಲಭ. ಮದುವೆ ಮಂಟಪದಲ್ಲಿ ನಿಲ್ಲು, ಅಕ್ಷತೆ ಹಾಕು, ಊಟ ಮಾಡು, ಹೋಗು. ಆದರೆ ನಾಳೆ ಕೆಲಸ ಇದೆಯೋ ಇಲ್ಲವೋ ಅಂತ ರಾತ್ರಿ ಹತ್ತಕ್ಕೆ ಏಜೆಂಟ್ ಫೋನ್ ಮಾಡಿದಾಗಲೇ ಗೊತ್ತಾಗೋದು. ಆ ಫೋನಿಗೆ ಕಾಯ್ತಾ ಕಾಯ್ತಾ ಆತಂಕದವನಿಗೆ ನಿದ್ದೆಯೇ ಹಾರಿ ಹೋಗುತ್ತೆ. ಇನ್ನೊಂದು ಕಡೆ, ಮನೆಯಲ್ಲಿ ಒಬ್ಬಳೇ ಗೋಡೆ ನೋಡ್ತಾ ಇದ್ದ ನಡುವಯಸ್ಸಿನ ಹೆಂಗಸೊಬ್ಬರು ಹೇಳಿದ್ದು ಬೇರೆ: ನನಗೆ ದುಡ್ಡಿಗಿಂತ ಅಲ್ಲಿ ಸಾಲಾಗಿ ಕೂತು ಜೊತೆ ಊಟ ಮಾಡೋದೇ ಔಷಧಿ, ಅಂತ. ನೋಡಿ, ಒಂದೇ ಕೆಲಸ, ಒಬ್ಬರಿಗೆ ವಿಷ, ಇನ್ನೊಬ್ಬರಿಗೆ ಮದ್ದು.

ಸೆಟ್ ಹಾಕೋ ಬಡಗಿಗಳ ಹತ್ತಿರ ಹೋದೆ. ಅಲ್ಲಿ ಮೈ ದಣಿಯುತ್ತೆ, ಹಗುರ ಅಂತ ಯಾರೂ ಅನ್ನಲಾರರು. ಆದ್ರೆ ಬೆಳಗ್ಗೆ ಖಾಲಿ ಇದ್ದ ಜಾಗದಲ್ಲಿ ಸಂಜೆಗೆ ಒಂದು ಗೋಡೆ ನಿಂತಿರುತ್ತೆ. 'ಇವತ್ತು ನಾನೇನು ಮಾಡಿದೆ' ಅನ್ನೋ ಪ್ರಶ್ನೆಗೆ ಅಲ್ಲಿ ಕಣ್ಣೆದುರೇ ಉತ್ತರ ಇದೆ. ಖಿನ್ನತೆಯ ಮನಸ್ಸು ಬರೀ ಮಾತನ್ನು ನಂಬೋಲ್ಲ, 'ನೀನು ಒಳ್ಳೆ ಕೆಲಸಗಾರ' ಅಂದ್ರೆ 'ಸುಳ್ಳು' ಅನ್ನುತ್ತೆ. ಗೋಡೆಯನ್ನು ಸುಳ್ಳು ಅನ್ನೋದು ಹೇಗೆ?

ಎಡಿಟಿಂಗ್ ರೂಮಿನ ಸಹಾಯಕರು, ಓಟಿಟಿಗಳಿಗೆ ಸಬ್‌ಟೈಟಲ್ ಬರೆಯೋರು, ಇವರದು ಒಂಟಿ ಕೆಲಸ. ತಣ್ಣಗಿನ ಕೋಣೆ, ಕಿವಿಗೆ ಹೆಡ್‌ಫೋನು, ಜನರ ಕಾಟ ಇಲ್ಲ. ಕೆಟ್ಟ ದಿನ ಬಂದ್ರೆ ಇವತ್ತು ಹತ್ತು ನಿಮಿಷದ ಬದಲು ಐದು ನಿಮಿಷದ ಕೆಲಸ, ನಾಳೆ ಸರಿದೂಗಿಸಬಹುದು. ಬಿಡುಗಡೆಯ ದಿನ ಹತ್ತಿರ ಬಂದಾಗ ಮಾತ್ರ ರಾತ್ರಿಯೂ ಇಲ್ಲ, ಹಗಲೂ ಇಲ್ಲ. ಗ್ರಾಫಿಕ್ಸ್ ಕಂಪನಿಗಳಲ್ಲೂ ಇದೇ ಹಾಡು.

ಈ ಸುತ್ತಾಟದಲ್ಲಿ ನನಗೆ ಒಂದು ಸಂಗತಿ ಹೊಳೆಯಿತು. ಕೆಲಸ ಹಗುರವೋ ಭಾರವೋ ಅನ್ನೋದು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಕೇಳಬೇಕಾದ್ದು ಇದು: ನನ್ನ ಅತಿ ಕೆಟ್ಟ ದಿನ ಬಂದಾಗ ಈ ಕೆಲಸದಲ್ಲಿ ಏನಾಗುತ್ತೆ? ಒಳ್ಳೆ ದಿನ ಯಾವ ಕೆಲಸವಾದರೂ ಮಾಡಬಹುದು. ಕಾಯಿಲೆಯಲ್ಲಿ ಕೆಟ್ಟ ದಿನ ಬಂದೇ ಬರುತ್ತೆ. ಆ ದಿನ ನೂರು ಜನರ ಶೂಟಿಂಗ್ ನಿಲ್ಲುತ್ತಾ? ಕತ್ತು ಹಿಡಿದು ಹೊರಗೆ ಹಾಕ್ತಾರಾ? ಅಥವಾ ಪಕ್ಕದವನು 'ನಾನು ನೋಡ್ಕೋತೀನಿ, ಟೀ ಕುಡಿದು ಬಾ' ಅಂತಾನಾ? ಸಿನಿಮಾ ಇರಲಿ, ಸಿಮೆಂಟ್ ಅಂಗಡಿ ಇರಲಿ, ನರ್ಸರಿ ಶಾಲೆ ಇರಲಿ, ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ಅರ್ಧ ತೀರ್ಮಾನವಾದ ಹಾಗೆ.

ಮೂರು ದಿನ ಏಳದಿದ್ರೆ ಯಾರು ಕೇಳ್ತಾರೆ?

ನನ್ನ ಕಸುಬಿನ ಮಾತಿಗೂ ಬರೋಣ. ಹವ್ಯಾಸಿ ಪತ್ರಕರ್ತ ಅಂದ್ರೆ ಕೇಳೋಕೆ ಚೆಂದ. ಬಾಸ್ ಇಲ್ಲ, ಪಂಚಿಂಗ್ ಇಲ್ಲ, ಜನ ಬೇಡ ಅನ್ನಿಸಿದ ದಿನ ಬಾಗಿಲು ಹಾಕಿಕೊಂಡು ಕೂರಬಹುದು. ಮೇಲಿನ ಪರೀಕ್ಷೆಯಲ್ಲಿ ಇದಕ್ಕೆ ಫಸ್ಟ್ ಕ್ಲಾಸ್ ಸಿಗಬೇಕು ತಾನೆ? ಸಿಗೋಲ್ಲ. ನಾನು ಮೂರು ದಿನ ಹಾಸಿಗೆಯಿಂದ ಏಳದೇ ಇದ್ರೂ ಲೋಕದಲ್ಲಿ ಯಾರಿಗೂ ಗೊತ್ತಾಗೋಲ್ಲ. ನಾಲ್ಕನೇ ದಿನ ಏಳೋಕೆ ಕಾರಣವೇ ಇರೋಲ್ಲ. ಲೇಖನದ ದುಡ್ಡು ಬರೋದು ಯಾವಾಗಲೋ, ಒಮ್ಮೊಮ್ಮೆ ಬರೋದೇ ಇಲ್ಲ. ಬಾಡಿಗೆಯ ತಾರೀಕು ಹತ್ತಿರ ಬಂದ ಹಾಗೆ ಎದೆಯ ತಮಟೆ ಜೋರು.

ಅದಕ್ಕೇ ನಾಲ್ಕು ವರ್ಷದ ಹಿಂದೆ ಒಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಯಲ್ಲಿ ಬೆಳಗ್ಗೆ ಹತ್ತರಿಂದ ಎರಡರ ತನಕ ಕೂರೋಕೆ ಒಪ್ಪಿಕೊಂಡೆ. ಸಂಬಳ ಹೇಳಿಕೊಳ್ಳುವಂಥದ್ದಲ್ಲ, ಆದರೆ ತಿಂಗಳ ಐದನೇ ತಾರೀಕು ಕೈಗೆ ಬರುತ್ತೆ. ಶಟರ್ ಎತ್ತೋನು ನಾನೇ. ನಾನು ಹೋಗದಿದ್ರೆ ಹತ್ತೂ ಐದಕ್ಕೆ ಪಕ್ಕದ ಹೂವಿನವಳು ಫೋನ್ ಮಾಡ್ತಾಳೆ. ಆಧಾರ್ ಕಾರ್ಡಿನ ಎರಡೂ ಕಡೆ ಜೆರಾಕ್ಸ್, ಜಾತಿ ಪ್ರಮಾಣಪತ್ರದ ಅರ್ಜಿ, ಮದುವೆ ಪತ್ರಿಕೆಯ ಕರಡು ತಿದ್ದೋದು, ಇದರಲ್ಲಿ ಕೀರ್ತಿಯೂ ಇಲ್ಲ, ಕಿರೀಟವೂ ಇಲ್ಲ. ಮನಸ್ಸು ಸತ್ತಿದ್ದ ದಿನವೂ ಕೈ ತಾನಾಗಿ ಮಾಡುತ್ತೆ. ಮನಸ್ಸು ಬಂದ ಮೇಲೆ ಕೆಲಸ ಮಾಡೋಣ ಅಂತ ಕಾಯೋದು ಈ ಕಾಯಿಲೆಯಲ್ಲಿ ನಡೆಯೋಲ್ಲ, ಮೊದಲು ಕಾಲು ಹೊರಡಬೇಕು, ಮನಸ್ಸು ಹಿಂದಿನಿಂದ ಬರುತ್ತೆ ಅಂತ ವೈದ್ಯರು ಹೇಳೋದನ್ನ ನಾನು ಆ ಶಟರಿನ ಹತ್ತಿರವೇ ಕಲಿತದ್ದು. ಅದಕ್ಕೊಂದು ಚಿಕಿತ್ಸಾ ಕ್ರಮವೇ ಇದೆ. ಸಣ್ಣ ಸಣ್ಣ ಕೆಲಸಗಳನ್ನು ದಿನಚರಿಯಲ್ಲಿ ಬರೆದುಕೊಂಡು, ಇಷ್ಟ ಇದ್ರೂ ಇಲ್ಲದಿದ್ರೂ ಮಾಡಿಸ್ತಾರೆ.

ಅಡಗಿಕೊಳ್ಳೋಕೆ ಹುಡುಕಿದ ಕೆಲಸ

ಹಾಸನದ ಹುಡುಗ ಕೇಳಿದ್ದು, ಜನ ಇಲ್ಲದ ಕೆಲಸ ಬೇಕು ಅಂತ. ಇಲ್ಲಿ ಒಂದು ಸೂಕ್ಷ್ಮ ಇದೆ. ಆತಂಕದ ಸ್ವಭಾವ ವಿಚಿತ್ರ, ಅದಕ್ಕೆ ಹೆದರಿ ನೀವು ಒಂದು ಹೆಜ್ಜೆ ಹಿಂದಿಟ್ಟರೆ ಅದು ಎರಡು ಹೆಜ್ಜೆ ಮುಂದೆ ಬರುತ್ತೆ. ಮೊದಲು ಮೀಟಿಂಗ್ ಬೇಡ ಅನ್ನಿಸುತ್ತೆ, ಆಮೇಲೆ ಆಫೀಸ್ ಬೇಡ, ಆಮೇಲೆ ಬಸ್ ಬೇಡ, ಕೊನೆಗೆ ಬೀದಿ ಕೊನೆಯ ಅಂಗಡಿಯೂ ಬೇಡ. ತಪ್ಪಿಸಿಕೊಂಡಾಗ ಆ ಕ್ಷಣಕ್ಕೆ ಎಷ್ಟು ನೆಮ್ಮದಿ! ಆ ನೆಮ್ಮದಿಯೇ ಭಯಕ್ಕೆ ಗೊಬ್ಬರ. ಆದ್ದರಿಂದಲೇ ಆತಂಕದ ಚಿಕಿತ್ಸೆಯಲ್ಲಿ ಹೆದರೋ ವಸ್ತುವಿನ ಎದುರು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸ್ತಾರೆ.

ಹಾಗಾಗಿ ಪೂರ್ತಿ ಕತ್ತಲ ಕೋಣೆಯ ಕೆಲಸ ಆತಂಕದವನಿಗೆ ವರ ಅಂತ ನಾನು ಒಪ್ಪೋಲ್ಲ. ದಿನಕ್ಕೆ ನಾಲ್ಕೇ ಜನರ ಮುಖ ನೋಡಬೇಕಾದ, ಆ ನಾಲ್ಕು ಜನ ಅದೇ ಜನ ಆಗಿರೋ ಕೆಲಸ ಆದ್ರೆ ಒಳ್ಳೇದು. ವೇಷಭೂಷಣದ ಗೋಡೌನ್ ನೋಡಿಕೊಳ್ಳೋ ಒಬ್ಬ ತರುಣನನ್ನು ನೋಡಿದೆ. ಪೊಲೀಸ್ ಯೂನಿಫಾರ್ಮ್ ಎಷ್ಟು, ರಾಜರ ಕಿರೀಟ ಎಷ್ಟು, ಎಲ್ಲಾ ಅವನ ಪುಸ್ತಕದಲ್ಲಿ ಲೆಕ್ಕ. ಮೊದಲ ತಿಂಗಳು ಬಟ್ಟೆ ತಗೊಂಡು ಹೋಗೋಕೆ ಬಂದವರ ಮುಖ ನೋಡದೆ ಮಾತಾಡ್ತಿದ್ದನಂತೆ. ಈಗ ಬಾಡಿಗೆ ಬಾಕಿ ಇಟ್ಟವರ ಜೊತೆ ಜಗಳವನ್ನೂ ಆಡ್ತಾನೆ!

ಮೊದಲು ಗುಣ, ಆಮೇಲೆ ಕೆಲಸ?

ಮನೆಗಳಲ್ಲಿ ನಡೆಯೋ ಮಾತು ಇದು: ಪೂರ್ತಿ ಗುಣ ಆಗ್ಲಿ, ಆಮೇಲೆ ಕೆಲಸದ ಯೋಚನೆ. ಪ್ರೀತಿಯಿಂದಲೇ ಹೇಳ್ತಾರೆ. ಆದರೆ ಈ 'ಪೂರ್ತಿ' ಅನ್ನೋದು ಎಷ್ಟೋ ಜನಕ್ಕೆ ಬರೋದೇ ಇಲ್ಲ, ವರ್ಷಗಳು ಮಾತ್ರ ಹೋಗಿರುತ್ತವೆ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಅನ್ನೋ ಇಬ್ಬರು 1990ರ ದಶಕದಲ್ಲಿ ಈ ಕ್ರಮವನ್ನೇ ತಿರುವುಮುರುವು ಮಾಡಿದರು. ವರ್ಷಗಟ್ಟಲೆ ತರಬೇತಿ ಕೊಟ್ಟು ಆಮೇಲೆ ಕೆಲಸ ಅನ್ನೋ ಬದಲು, ಮೊದಲು ನಿಜವಾದ ಕೆಲಸಕ್ಕೆ ಸೇರಿಸಿ, ಜೊತೆಗೊಬ್ಬ ಸಹಾಯಕನನ್ನು ಕೊಟ್ಟು, ಕೆಲಸದಲ್ಲೇ ಕಲಿಸೋದು. ಅದೂ ಖಿನ್ನತೆಗಿಂತ ತೀವ್ರವಾದ ಕಾಯಿಲೆ ಇದ್ದವರಿಗೆ. ಹಳೇ ಕ್ರಮಕ್ಕಿಂತ ಹೆಚ್ಚು ಜನ ಕೆಲಸದಲ್ಲಿ ನಿಂತರು, ಬೇರೆ ಬೇರೆ ದೇಶಗಳಲ್ಲೂ ಅದೇ ಫಲ ಬಂತು. ನಮ್ಮ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲೂ ಬೇಕರಿ, ಹೊಲಿಗೆ, ಮರಗೆಲಸದಂಥ ಕಸುಬುಗಳನ್ನ ಚಿಕಿತ್ಸೆಯ ಜೊತೆಜೊತೆಗೇ ಇಟ್ಟುಕೊಂಡು ಬಂದಿದ್ದಾರೆ.

ಹಾಗಂತ ತೀರಾ ನೆಲಕ್ಕೆ ಬಿದ್ದಿರುವಾಗ, ಸ್ನಾನಕ್ಕೂ ಏಳಲಾಗದೆ ಇರುವಾಗ, ಸಾಯೋ ಯೋಚನೆ ಬರ್ತಾ ಇರುವಾಗ ಕೆಲಸ ಹುಡುಕು ಅಂತ ಯಾರನ್ನೂ ನೂಕಬಾರದು. ಆಗ ಬೇಕಾದ್ದು ಡಾಕ್ಟರು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಅನ್ನೋ ಸರ್ಕಾರಿ ಸೇವೆ ಇದೆ, ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಹಗಲು ರಾತ್ರಿ ಎನ್ನದೆ. ಬೆಂಗಳೂರಿನ ನಿಮ್ಹಾನ್ಸ್ ದೂರವಾದ್ರೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ.

ಮಾತ್ರೆಯ ಬಗ್ಗೆಯೂ ಒಂದೆರಡು ಮಾತು ಹೇಳಲೇಬೇಕು, ಯಾಕಂದ್ರೆ ಹೊಸ ಕೆಲಸಕ್ಕೆ ಸೇರೋ ದಿನಕ್ಕೂ ಇದಕ್ಕೂ ಸಂಬಂಧ ಇದೆ. ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯ ಹಾಗೆ ಅರ್ಧ ಗಂಟೆಗೆ ಕೆಲಸ ಮಾಡೋಲ್ಲ, ಎರಡರಿಂದ ನಾಲ್ಕು ವಾರ ಬೇಕು. ತೊಂದರೆಗಳು ಮಾತ್ರ ಮೊದಲ ವಾರವೇ ಬರುತ್ತವೆ. ಕೆಲವಕ್ಕೆ ಮಂಪರು, ಕೆಲವಕ್ಕೆ ವಾಕರಿಕೆ. ಹೆಚ್ಚಿನವರಿಗೆ ದಿನ ಕಳೆದ ಹಾಗೆ ಕಮ್ಮಿಯಾಗುತ್ತೆ. ಆದ್ದರಿಂದ ಸೋಮವಾರ ಹೊಸ ಮಾತ್ರೆ, ಅದೇ ಸೋಮವಾರ ಹೊಸ ಕೆಲಸ ಅಂತ ಇಟ್ಟುಕೊಳ್ಳೋದು ಜಾಣತನವಲ್ಲ. ಮಂಪರು ಇದ್ದಾಗ ಗಾಡಿ ಓಡಿಸೋದು, ಎತ್ತರ ಹತ್ತೋದು, ಯಂತ್ರದ ಎದುರು ನಿಲ್ಲೋದು ಬೇಡ. ಕೆಲಸ ಸಿಕ್ಕಿತು, ಮನಸ್ಸು ಹಗುರಾಯಿತು ಅಂತ ಮಾತ್ರೆಯನ್ನ ನೀವೇ ನಿಲ್ಲಿಸೋದಂತೂ ಬೇಡವೇ ಬೇಡ. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ಆಮೇಲೆ ಡಾಕ್ಟರ ಮಾತಿನಂತೆ ನಿಧಾನಕ್ಕೆ ಇಳಿಸ್ತಾರೆ. ಇನ್ನು ನೈಟ್ ಶಿಫ್ಟ್! ನಿದ್ದೆ ಕೆಟ್ಟರೆ ಈ ಕಾಯಿಲೆ ಕೆಡುತ್ತೆ. ಎರಡು ಸಾವಿರ ಜಾಸ್ತಿ ಕೊಡ್ತಾರೆ ಅಂತ ರಾತ್ರಿ ಪಾಳಿಗೆ ಒಪ್ಪೋಕೆ ಮುಂಚೆ ಹತ್ತು ಸಲ ಯೋಚಿಸಿ.

ಯಜಮಾನರಿಗೆ ಹೇಳಬೇಕೆ?

ಇದು ಎಲ್ಲರೂ ಪಿಸುಮಾತಿನಲ್ಲಿ ಕೇಳಿದ ಪ್ರಶ್ನೆ. ಕೇಳುವಾಗ ನನಗೆ ನೆನಪಾದದ್ದು 'ಶರಪಂಜರ'. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, 1970ರ ದಶಕದ ಮೊದಲಲ್ಲಿ ತೆರೆಗೆ ಬಂದದ್ದು. ಕಲ್ಪನಾ ಅವರ ಕಾವೇರಿಯನ್ನು ಕಂಡು ಅಳದೇ ಇದ್ದವರಿಲ್ಲ. ಆಸ್ಪತ್ರೆಯಲ್ಲಿ ಕಾವೇರಿ ಗುಣವಾಗ್ತಾಳೆ. ಗುಣವಾಗದೆ ಉಳಿದದ್ದು ಮನೆ ಮತ್ತು ಊರು. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಐವತ್ತು ವರ್ಷ ದಾಟಿದೆ. ಆಫೀಸಿನಲ್ಲಿ ಒಬ್ಬ 'ನನಗೆ ಡಿಪ್ರೆಷನ್ ಇತ್ತು' ಅಂದ ಮಾರನೇ ದಿನದಿಂದ ಅವನ ಪ್ರತಿ ತಪ್ಪಿಗೂ ಅದೇ ಕಾರಣ ಹಚ್ಚೋದು ಇವತ್ತಿಗೂ ನಡೆದೇ ಇದೆ. ನನ್ನನ್ನೇ ಒಂದು ಕಡೆ, ಚೀಟಿಯಲ್ಲಿ ಮನೋವೈದ್ಯರ ಹೆಸರು ನೋಡಿ, ಮರುದಿನ ಬರಬೇಡ ಅಂದಿದ್ದುಂಟು.

ಕಾನೂನು ಏನನ್ನುತ್ತೆ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸರ್ಕಾರಿ ನೌಕರಿಯಲ್ಲಿರುವಾಗ ಕಾಯಿಲೆ ಬಂತು ಅಂತ ಯಾರನ್ನೂ ತೆಗೆದುಹಾಕೋಕಾಗಲಿ ದರ್ಜೆ ಇಳಿಸೋಕಾಗಲಿ ಬರೋಲ್ಲ. ಮೀಸಲಾತಿಗೆ ಮಾತ್ರ 40 ಪರ್ಸೆಂಟಿನ ಪ್ರಮಾಣಪತ್ರ ಬೇಕು, ಬಂದು ಹೋಗೋ ಖಿನ್ನತೆಗೆ, ಸಾಧಾರಣ ಆತಂಕಕ್ಕೆ ಅದು ಸಿಗೋದು ಕಷ್ಟ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗುಟ್ಟನ್ನು ಕಾಪಾಡುತ್ತೆ. ಅಂದ ಹಾಗೆ, ಚಿಕಿತ್ಸೆಯಲ್ಲಿರೋರ ಫೋಟೋ, ವಿವರಗಳನ್ನು ಅವರ ಒಪ್ಪಿಗೆ ಇಲ್ಲದೆ ಪತ್ರಿಕೆಗಳಿಗೆ ಕೊಡಬಾರದು ಅಂತಲೂ ಅದರಲ್ಲಿದೆ. ನಟಿಯರ ಕಣ್ಣೀರನ್ನ ಮುಖಪುಟಕ್ಕೆ ಹಾಕಿ ಮಾರೋ ನಮ್ಮ ಜಾತಿಯವರು ಓದಿಕೊಳ್ಳಬೇಕಾದ ಪುಟ ಅದು. ಕಲ್ಪನಾ ಅವರ ಕೊನೆಯ ದಿನಗಳ ಬಗ್ಗೆ ಎಷ್ಟು ಬರೆದರೂ ದಣಿಯದವರಿದ್ದಾರೆ, ನಾನಿಲ್ಲಿ ಬರೆಯೋಲ್ಲ.

ಆದ್ರೆ ದಿನಗೂಲಿಯ ಲೋಕಕ್ಕೆ, ಅಂಗಡಿಗೆ, ಸಿನಿಮಾ ಯೂನಿಟ್ಟಿಗೆ ಈ ಕಾನೂನು ನಡೆದು ಬರೋಲ್ಲ. ಅಲ್ಲಿ ಜನ ತಾವೇ ಕಂಡುಕೊಂಡ ದಾರಿ ಒಂದಿದೆ: ಕಾಯಿಲೆಯ ಹೆಸರು ಹೇಳೋಲ್ಲ, ಬೇಕಾದ್ದನ್ನು ಕೇಳ್ತಾರೆ. 'ನನಗೆ ಡಿಪ್ರೆಷನ್' ಅನ್ನೋ ಬದಲು 'ತಿಂಗಳಿಗೊಂದು ಬೆಳಗ್ಗೆ ಆಸ್ಪತ್ರೆಗೆ ಹೋಗಬೇಕು', 'ಕೆಲಸವನ್ನ ಬಾಯಲ್ಲಿ ಹೇಳದೆ ಬರೆದು ಕೊಡಿ', 'ಬೈಯೋದಿದ್ರೆ ಪಕ್ಕಕ್ಕೆ ಕರೆದು ಬೈಯಿರಿ'. ಇದರಲ್ಲಿ ಸುಳ್ಳಿಲ್ಲ. ಕೇಳಿದವನಿಗೂ ಏನು ಮಾಡಬೇಕು ಅಂತ ಗೊತ್ತಾಗುತ್ತೆ. ನಂಬಿಕೆಯ ಒಬ್ಬನಿಗೆ ಮಾತ್ರ ಪೂರ್ತಿ ಸತ್ಯ ಹೇಳಿಡೋದು ಒಳ್ಳೇದು, ಕೆಟ್ಟ ದಿನ ಫೋನ್ ಮಾಡೋಕೆ.

ಹಾಸನದ ಹುಡುಗನಿಗೆ ಉತ್ತರ ಬರೆದೆ. ಸಿನಿಮಾ ಚಾನ್ಸ್ ಇಲ್ಲ ಅಂತ ಮೊದಲೇ ಹೇಳಿ, ಬಿಟ್ಟ ಎರಡು ಕೆಲಸಗಳಲ್ಲಿ ನಿನ್ನನ್ನ ಓಡಿಸಿದ್ದು ಏನು ಅಂತ ಕೇಳಿದೆ. ಕೆಲಸವೋ, ಅಲ್ಲಿನ ಒಬ್ಬ ಮನುಷ್ಯನೋ, ಬೆಳಗಿನ ಬಸ್ಸೋ, ನಿದ್ದೆಯೋ? ಅವನ ಉತ್ತರ ಬಂತು. ಎರಡು ಕಡೆಯೂ ಫೋನಿನಲ್ಲಿ ಗಿರಾಕಿಗಳ ಜೊತೆ ಮಾತಾಡೋ ಕೆಲಸವಂತೆ, ದಿನಕ್ಕೆ ಇಷ್ಟು ಅಂತ ಗುರಿ ಇಟ್ಟಿದ್ದರಂತೆ. ಊರಲ್ಲಿ ಅವರ ಮಾವನ ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ, ಅಲ್ಲಿ ಸಂಜೆ ಹೊತ್ತು ಕೂತ್ರೆ ಮಾತ್ರ ಏನೂ ಆಗೋಲ್ಲ ಅಂತ, ಅದೊಂದು ವಿಷಯವೇ ಅಲ್ಲ ಅನ್ನೋ ಹಾಗೆ, ಕೊನೇ ಸಾಲಿನಲ್ಲಿ ಬರೆದಿದ್ದ!

ಕೊನೆಯದಾಗಿ ಒಬ್ಬ ಲೈಟ್‌ಮನ್ ಬಗ್ಗೆ. ಹದಿನೈದು ವರ್ಷದ ಅನುಭವ, ಮೇಲಿನ ಅಟ್ಟಣಿಗೆ ಹತ್ತಿ ಲೈಟ್ ಕಟ್ಟೋದರಲ್ಲಿ ಎತ್ತಿದ ಕೈ. ಖಿನ್ನತೆಗೆ ಮಾತ್ರೆ ಶುರುವಾದಾಗ ಮಂಪರು ಬಂತು. ಸುಮ್ಮನಿದ್ರೆ ಜೀವಕ್ಕೆ ಅಪಾಯ, ಹೇಳಿದ್ರೆ ಹೊಟ್ಟೆಗೆ ಅಪಾಯ. ಯೂನಿಟ್ಟಿನ ಮುಖ್ಯಸ್ಥನ ಹತ್ತಿರ ಹೋಗಿ, 'ಅಣ್ಣಾ, ಮಾತ್ರೆ ತಗೋತಿದೀನಿ, ತಲೆ ತಿರುಗುತ್ತೆ, ಒಂದು ಎರಡು ತಿಂಗಳು ಮೇಲೆ ಹತ್ತಿಸಬೇಡ' ಅಂದ. ಯಾವ ಮಾತ್ರೆ ಅಂತ ಅವನೂ ಕೇಳಲಿಲ್ಲ. ಕೆಳಗೆ ಜನರೇಟರ್ ವ್ಯಾನಿನ ಹತ್ತಿರ ಕೇಬಲ್ ಲೆಕ್ಕಕ್ಕೆ ಹಾಕಿದ. ಬೇಟಾದಲ್ಲಿ ಕಮ್ಮಿ ಮಾಡಲಿಲ್ಲ. ನಾನು ಹೋದಾಗ ಎರಡು ತಿಂಗಳು ಮುಗಿದು ಮೂರು ವಾರವಾಗಿತ್ತು. ಮತ್ತೆ ಮೇಲೆ ಹತ್ತಿದಿರಾ ಅಂತ ಕೇಳಿದೆ. ಹತ್ತಿದೆ, ಆದ್ರೆ ಕೇಬಲ್ ಲೆಕ್ಕ ಈಗಲೂ ನಂದೇ, ಇವರು ಯಾರಿಗೂ ಸರಿಯಾಗಿ ಸುತ್ತಿಡೋಕೆ ಬರೋಲ್ಲ ಅಂತ ಬೈದುಕೊಳ್ಳುತ್ತಾ ಒಂದು ಸುರುಳಿ ಬಿಚ್ಚಿ ಮತ್ತೆ ಸುತ್ತತೊಡಗಿದರು.